ಓದುಗರ ಪ್ರಶ್ನೋತ್ತರ: ಮುಳುಗಿದ ಊರು ನೆನಪಿದೆ, ಬೆಳಗಿನ ತಿಂಡಿ ನೆನಪಿಲ್ಲ, ಏಕೆ?

ಈ ತಿಂಗಳು ಬಂದ ಪತ್ರಗಳಲ್ಲಿ ನೆನಪು ಮತ್ತು ಮರೆವಿನ ಕುರಿತಾದವೇ ಹೆಚ್ಚಾಗಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ. ಮೊದಲ ಪತ್ರಕ್ಕೆ ಉಳಿದವುಗಳಿಗಿಂತ ಹೆಚ್ಚು ಜಾಗ ಕೊಡಬೇಕಾಯಿತು. ಅದರಲ್ಲಿ ಕೇಳಿರುವ ಸಂಗತಿಯನ್ನು ಸರಿಯಾಗಿ ತಿಳಿದುಕೊಂಡರೆ ಒಂದು ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವ ಬಗೆಯೇ ಬದಲಾಗಬಹುದು.

ಪ್ರಶ್ನೆ: ನಮ್ಮ ಅತ್ತೆಯವರಿಗೆ 82 ವರ್ಷ. ಅವರು ಮದುವೆಯಾಗಿ ಬಂದ ಮನೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು. ಆ ಊರಿನಲ್ಲಿ ಯಾರ ಮನೆಯ ದಣಪೆ ದಾಟಿದರೆ ಯಾರ ತೋಟ ಸಿಗುತ್ತಿತ್ತು, ಹಳ್ಳದ ಸಂಕದ ಆಚೆ ಯಾವ ಮರವಿತ್ತು ಎಂಬುದನ್ನೆಲ್ಲ ಇಂದಿಗೂ ಹೇಳುತ್ತಾರೆ. ಆದರೆ ಬೆಳಗ್ಗೆ ತಿಂಡಿ ತಿಂದದ್ದು ಹತ್ತು ಗಂಟೆಯ ಹೊತ್ತಿಗೆ ನೆನಪಿರುವುದಿಲ್ಲ. ‘ನನಗೆ ತಿಂಡಿಯನ್ನೇ ಕೊಟ್ಟಿಲ್ಲ’ ಎಂದು ಬಂದವರ ಮುಂದೆ ಹೇಳುತ್ತಾರೆ. ಈಚೆಗೆ ಕಟ್ಟಿಸಿದ ಮನೆಯಲ್ಲಿ ರಾತ್ರಿ ಬಚ್ಚಲುಮನೆ ಹುಡುಕುತ್ತ ಅಡುಗೆಮನೆಗೆ ಹೋಗುತ್ತಾರೆ. ಬಾಳೆನಾರಿನಲ್ಲಿ ಹೂ ಕಟ್ಟುವುದು ಮಾತ್ರ ಮೊದಲಿನಷ್ಟೇ ಚೆನ್ನಾಗಿದೆ. ಅಷ್ಟು ಹಳೆಯದೆಲ್ಲ ನೆನಪಿರುವವರಿಗೆ ಇವತ್ತಿನದು ಹೇಗೆ ಮರೆಯುತ್ತದೆ, ಇದು ಬೇಕೆಂದೇ ಮಾಡುವ ಹಟ ಎಂದು ಮನೆಯಲ್ಲಿ ಕೆಲವರು ಹೇಳುತ್ತಾರೆ. ನಿಜವೇ?
(ಹೊಸನಗರ ತಾಲ್ಲೂಕಿನ ಓದುಗರು)

ಉತ್ತರ: ಇದು ಹಟವಲ್ಲ. ಈ ಒಂದು ಮಾತನ್ನು ಮನೆಯ ಎಲ್ಲರಿಗೂ ಓದಿ ಹೇಳಿ. ನೀವು ವಿವರಿಸಿರುವ ಮೂರು ಸಂಗತಿಗಳು, ಅಂದರೆ ಹಳೆಯ ಊರು ಉಳಿದಿರುವುದು, ಬೆಳಗಿನ ತಿಂಡಿ ಹೋಗಿರುವುದು, ಹೂ ಕಟ್ಟುವ ಕೈ ಹಾಗೆಯೇ ಇರುವುದು, ಒಂದಕ್ಕೊಂದು ವಿರುದ್ಧವಾದವುಗಳಲ್ಲ. ಮಿದುಳು ಮೂರು ಬೇರೆ ಬೇರೆ ರೀತಿಯಲ್ಲಿ ನೆನಪನ್ನು ನಿರ್ವಹಿಸುವುದರಿಂದ ಒಂದು ಕೆಟ್ಟಾಗ ಇನ್ನೆರಡು ಉಳಿಯಬಹುದು.

ಈ ವಿಷಯವನ್ನು ವಿಜ್ಞಾನಕ್ಕೆ ಕಲಿಸಿದವರಲ್ಲಿ ಮೊದಲಿಗರು ಅಮೆರಿಕದ ಒಬ್ಬ ರೋಗಿ. ಬದುಕಿರುವಷ್ಟು ಕಾಲ ವೈದ್ಯಗ್ರಂಥಗಳಲ್ಲಿ ಎಚ್.ಎಂ. ಎಂಬ ಅಕ್ಷರಗಳಿಂದಷ್ಟೇ ಗುರುತಿಸಲ್ಪಟ್ಟ ಅವರ ಹೆಸರು ಹೆನ್ರಿ ಮೊಲೈಸನ್. ತೀವ್ರವಾದ ಮೂರ್ಛೆರೋಗವನ್ನು ಹತೋಟಿಗೆ ತರಲು 1953ರಲ್ಲಿ, ಅವರಿಗೆ 27 ವರ್ಷವಾಗಿದ್ದಾಗ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಮಿದುಳಿನ ಎರಡೂ ಬದಿಯಲ್ಲಿ ಕಿವಿಯ ನೇರಕ್ಕೆ ಒಳಗಿರುವ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದುಹಾಕಿದರು. ಮೂರ್ಛೆ ಕಡಿಮೆಯಾಯಿತು, ಬುದ್ಧಿ, ಮಾತು, ಸೌಜನ್ಯ ಎಲ್ಲವೂ ಹಾಗೆಯೇ ಉಳಿದವು, ಬಾಲ್ಯದ ಸಂಗತಿಗಳನ್ನು ಅವರು ಹೇಳಬಲ್ಲವರಾಗಿದ್ದರು. ಆದರೆ ಆ ದಿನದಿಂದ 2008ರಲ್ಲಿ ತೀರಿಕೊಳ್ಳುವವರೆಗೆ ನಡೆದ ಹೊಸ ಘಟನೆಗಳು ಅವರಲ್ಲಿ ಹೆಚ್ಚುಕಡಿಮೆ ಯಾವುವೂ ನಿಲ್ಲಲಿಲ್ಲ. ಆಗತಾನೆ ಮಾತಾಡಿಸಿ ಹೊರಗೆ ಹೋಗಿ ಬಂದವರೂ ಅವರಿಗೆ ಹೊಸಬರೇ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವರಿಂದ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರವನ್ನು ಗೆರೆ ತಪ್ಪದಂತೆ ತಿದ್ದಿಸಿದರು. ದಿನದಿಂದ ದಿನಕ್ಕೆ ಕೈ ಪಳಗುತ್ತಾ ಬಂತು. ಆದರೆ ಪ್ರತಿ ದಿನವೂ ಆ ಕೆಲಸವನ್ನು ತಾನು ಹಿಂದೆ ಮಾಡಿಯೇ ಇಲ್ಲವೆಂದು ಅವರು ನಂಬಿದ್ದರು. ಕೈಗಳ ಅಭ್ಯಾಸವು ಘಟನೆಗಳ ನೆನಪಿಗಿಂತ ಬೇರೆಯ ಹಾದಿಯಲ್ಲಿ, ಮಿದುಳಿನ ಬೇರೆಯ ಭಾಗಗಳಲ್ಲಿ ನೆಲೆಗೊಳ್ಳುತ್ತದೆ ಎಂಬುದು ಆಗ ಸ್ಪಷ್ಟವಾಯಿತು. ನಿಮ್ಮ ಅತ್ತೆಯವರ ಬೆರಳುಗಳು ಹೂವಿನ ಮಾಲೆಯನ್ನು ತಪ್ಪಿಲ್ಲದೆ ಕಟ್ಟುವುದು ಈ ಕಾರಣಕ್ಕೆ.

ಇನ್ನು ಮುಳುಗಿದ ಊರಿನ ವಿಷಯ. ಹೊಸದಾಗಿ ನಡೆದದ್ದನ್ನು ಒಟ್ಟುಗೂಡಿಸಿ ಹಿಡಿಯುವ ಕೆಲಸ ಹಿಪೊಕ್ಯಾಂಪಸ್ಸಿನದು. ನೋಡಿದ್ದು, ಕೇಳಿದ್ದು, ಮೂಗಿಗೆ ಬಡಿದದ್ದು ಮಿದುಳಿನ ಹೊರಪದರದ ಬೇರೆ ಬೇರೆ ಭಾಗಗಳಲ್ಲಿ ಗುರುತಾಗುತ್ತವೆ. ಅವೆಲ್ಲ ಒಂದೇ ಘಟನೆಗೆ ಸೇರಿದವು ಎಂಬ ಸಂಬಂಧವನ್ನು ಹಿಪೊಕ್ಯಾಂಪಸ್ ಕಾಪಾಡುತ್ತದೆ. ಆ ಘಟನೆಯನ್ನು ಮತ್ತೆ ಮತ್ತೆ ನೆನೆದಾಗ, ಹೇಳಿದಾಗ, ನಿದ್ರೆಯಲ್ಲಿ ಮಿದುಳು ತಾನಾಗಿ ಅದನ್ನು ಮರುಕಳಿಸಿದಾಗ, ಹೊರಪದರದ ಭಾಗಗಳ ನಡುವೆಯೇ ನೇರ ಸಂಪರ್ಕ ಗಟ್ಟಿಯಾಗುತ್ತಾ ಹೋಗಿ, ಕ್ರಮೇಣ ಹಿಪೊಕ್ಯಾಂಪಸ್ಸಿನ ನೆರವಿನ ಅಗತ್ಯ ಕಡಿಮೆಯಾಗುತ್ತದೆ. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ವಯಸ್ಸಾದವರಲ್ಲಿ ಕಾಣುವ ಮರೆವಿನ ಕಾಯಿಲೆಗಳಲ್ಲಿ ಅತಿ ಸಾಮಾನ್ಯವಾದ ಆಲ್ಜೈಮರ್ ಕಾಯಿಲೆ ಸಾಮಾನ್ಯವಾಗಿ ಹಿಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗಗಳನ್ನೇ ಮೊದಲು ಹಿಡಿಯುವುದರಿಂದ ಇವತ್ತಿನದು ಮೊದಲು ಹೋಗುತ್ತದೆ, ಅರವತ್ತು ವರ್ಷದ ಹಿಂದಿನದು ಬಹುಕಾಲ ಉಳಿಯುತ್ತದೆ. ಹೊಸದು ಮೊದಲು, ಹಳೆಯದು ಕೊನೆಗೆ ಎಂಬ ಈ ಕ್ರಮವನ್ನು ಫ್ರಾನ್ಸಿನ ತಿಯೋಡುಲ್ ರಿಬೊ 1881ರಷ್ಟು ಹಿಂದೆಯೇ ಗುರುತಿಸಿದ್ದರು.

ನಿಮ್ಮ ಪತ್ರವನ್ನು ಓದುವಾಗ ನನಗೆ ಕೂಡಲೇ ನೆನಪಾದದ್ದು ಇ.ಪಿ. ಎಂಬ ಸಂಕೇತಾಕ್ಷರಗಳ ಇನ್ನೊಬ್ಬ ರೋಗಿಯ ಪ್ರಸಂಗ. ವೈರಸ್ಸಿನಿಂದಾದ ಮಿದುಳಿನ ಉರಿಯೂತದಲ್ಲಿ ಅವರು ಎರಡೂ ಬದಿಯ ಹಿಪೊಕ್ಯಾಂಪಸ್ ಕಳೆದುಕೊಂಡಿದ್ದರು. ಕ್ಯಾಲಿಫೋರ್ನಿಯಾದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ವರದಿಯಂತೆ, ಐವತ್ತು ವರ್ಷಗಳ ಹಿಂದೆ ಬಿಟ್ಟುಬಂದ ತಮ್ಮ ಬಾಲ್ಯದ ಊರಿನಲ್ಲಿ ಒಂದು ಸ್ಥಳದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು, ಮುಖ್ಯರಸ್ತೆ ಮುಚ್ಚಿದ್ದರೆ ಹಿಡಿಯಬೇಕಾದ ಬಳಸುದಾರಿಯನ್ನೂ ಸೇರಿಸಿ, ಅವರು ಸರಿಯಾಗಿ ಹೇಳಿದರು. ಕಾಯಿಲೆಯ ನಂತರ ಬಂದು ನೆಲೆಸಿದ ಬಡಾವಣೆಯ ಬಗ್ಗೆ ಅವರಿಗೆ ಏನೂ ತಿಳಿದಿರಲಿಲ್ಲ. ಹಿನ್ನೀರಿನ ಕೆಳಗಿರುವ ಊರಿನ ದಣಪೆ, ಸಂಕಗಳನ್ನು ಹೇಳುವ ನಿಮ್ಮ ಅತ್ತೆಯವರು ಹೊಸ ಮನೆಯ ಬಚ್ಚಲನ್ನು ಹುಡುಕಲಾರದೆ ಹೋಗುವುದೂ ಇಂಥದೇ.

ಇನ್ನೊಂದು ಮಾತು ಇದಕ್ಕೆ ಸೇರುತ್ತದೆ. ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಆಗ ಅವರು ಇಪ್ಪತ್ತರ ಆಸುಪಾಸಿನಲ್ಲಿದ್ದರು. ಹತ್ತರಿಂದ ಮೂವತ್ತರ ವಯಸ್ಸಿನ ನಡುವೆ ನಡೆದದ್ದನ್ನು ಮನುಷ್ಯರು ತಮ್ಮ ಬಾಳಿನ ಬೇರೆ ಕಾಲಕ್ಕಿಂತ ಹೆಚ್ಚಾಗಿ ನೆನೆಯುತ್ತಾರೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಮದುವೆ, ಹೆರಿಗೆ, ಮನೆ ಬಿಡುವುದು ಮುಂತಾದ ಮೊದಲ ಬಾರಿಯ ಅನುಭವಗಳು ಆ ಕಾಲದಲ್ಲಿ ಒತ್ತಾಗಿ ಬರುತ್ತವೆ. ಜೊತೆಗೆ, ಭಯ ಅಥವಾ ದುಃಖ ತೀವ್ರವಾಗಿದ್ದಾಗ ದೇಹದಲ್ಲಿ ಸ್ರವಿಸುವ ಅಡ್ರಿನಲಿನ್, ಅಮಿಗ್ಡಲ ಎಂಬ ಭಾಗದ ಮೂಲಕ, ಆ ಹೊತ್ತಿನ ನೆನಪನ್ನು ಬಲಪಡಿಸುತ್ತದೆ. ತೋಟ, ಗದ್ದೆ, ದೇವರ ಮನೆಗಳನ್ನು ಬಿಟ್ಟು ಲಾರಿಯಲ್ಲಿ ಸಾಮಾನು ಹೇರಿಕೊಂಡು ಹೊರಟ ಮುಳುಗಡೆಯ ಕುಟುಂಬಗಳ ಹಿರಿಯರು ಅದನ್ನು ಅರವತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ಪ್ರತಿ ಸಲ ಹೇಳಿದಾಗಲೂ ಅದು ಇನ್ನಷ್ಟು ನೆಲೆಯೂರಿದೆ.

ಈಗ ಮಾಡಬೇಕಾದದ್ದು. ‘ಆಗಲೇ ತಿಂದಿರಲ್ಲ’ ಎಂದು ವಾದಿಸಬೇಡಿ. ತಿಂದದ್ದು ಅವರಲ್ಲಿ ದಾಖಲಾಗಿಲ್ಲ; ನಿಮ್ಮ ವಾದವೂ ದಾಖಲಾಗುವುದಿಲ್ಲ; ಬೈಸಿಕೊಂಡ ನೋವು ಮಾತ್ರ ಕಾರಣ ಮರೆತ ಮೇಲೂ ಉಳಿಯುತ್ತದೆ. ಸ್ವಲ್ಪ ತಿನ್ನಲು ಕೊಟ್ಟು ಮಾತು ಬದಲಿಸಿ. ಬಚ್ಚಲಿನ ದೀಪವನ್ನು ರಾತ್ರಿಯಿಡೀ ಉರಿಯಲು ಬಿಟ್ಟು ಬಾಗಿಲಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ. ಹೂ ಕಟ್ಟುವ ಕೆಲಸವನ್ನು ಯಾರೂ ಅವರ ಕೈಯಿಂದ ತಪ್ಪಿಸಬಾರದು. ಬಹು ಮುಖ್ಯವಾಗಿ, ಅವರನ್ನು ವೈದ್ಯರಿಗೆ ತೋರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗದಿಂದ ಆರಂಭಿಸಬಹುದು. ಇದು ಆಲ್ಜೈಮರ್ ಕಾಯಿಲೆಯೇ ಎಂದು ಪತ್ರದ ಮೇಲೆ ಹೇಳಲಾಗದು. ವಾಸಿಯಾಗುವ ಕಾರಣಗಳೂ ಇರುತ್ತವೆ, ಅವನ್ನು ಮುಂದಿನ ಉತ್ತರದಲ್ಲಿ ಹೇಳಿದ್ದೇನೆ. ಮರೆವು ಒಂದೆರಡು ದಿನದಲ್ಲೇ ದಿಢೀರನೆ ಹೆಚ್ಚಿ, ಹಗಲು ರಾತ್ರಿಗಳ ಪರಿವೆಯೇ ತಪ್ಪಿದರೆ, ಮೂತ್ರದ ಸೋಂಕು, ನಿರ್ಜಲೀಕರಣ ಅಥವಾ ಔಷಧದ ಅಡ್ಡಪರಿಣಾಮ ಇರಬಹುದಾದ್ದರಿಂದ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಗಾಂಧಿ ಬಜಾರಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಎದುರಾದಾಗ ಅವರ ಹೆಸರು ನಾಲಿಗೆಯ ತುದಿಯಲ್ಲಿದ್ದೂ ಬರಲಿಲ್ಲ. ಕನ್ನಡಕ, ಬೀಗದ ಕೈ ಎಲ್ಲಿಟ್ಟೆನೆಂದು ದಿನವೂ ಹುಡುಕುತ್ತೇನೆ. ಇದು ಮರೆವಿನ ಕಾಯಿಲೆಯ ಆರಂಭವೇ?
(ಶಿವಮೊಗ್ಗದ ಓದುಗರು)

ಉತ್ತರ: ನೀವು ಹೇಳಿದ ಎರಡು ಮರೆವುಗಳೂ ಸಾಮಾನ್ಯವಾದವು, ಆದರೆ ಅವುಗಳ ಕಾರಣಗಳು ಬೇರೆ ಬೇರೆ.

ಬೀಗದ ಕೈಯನ್ನು ನೀವು ಮರೆತಿಲ್ಲ. ಅದನ್ನು ಇಡುವಾಗ ಗಮನವೇ ಅಲ್ಲಿರಲಿಲ್ಲ. ಗಮನ ಕೊಡದೆ ಇದ್ದದ್ದು ನೆನಪಾಗಿ ರೂಪುಗೊಳ್ಳುವುದೇ ಇಲ್ಲ. ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಯಾವ ಚಿತ್ರವಿದೆ ಎಂದು ಜೇಬಿಗೆ ಕೈ ಹಾಕದೆ ಹೇಳಲು ಪ್ರಯತ್ನಿಸಿ. ನಮ್ಮ ಹಂಪಿಯ ಕಲ್ಲಿನ ರಥವೇ ಅಲ್ಲಿದೆ, ಆದರೂ ದಿನನಿತ್ಯ ಆ ನೋಟನ್ನು ಎಣಿಸುವ ಎಷ್ಟೋ ಜನರಿಗೆ ಹೇಳಲಾಗುವುದಿಲ್ಲ. ಅಮೆರಿಕದ ನಿಕರ್ಸನ್ ಮತ್ತು ಆಡಮ್ಸ್ ಎಂಬ ಸಂಶೋಧಕರು 1979ರಲ್ಲಿ ಅಲ್ಲಿನ ಒಂದು ಸೆಂಟ್ ನಾಣ್ಯದ ಕುರಿತು ಇದನ್ನೇ ಪರೀಕ್ಷಿಸಿದಾಗ ಜನರು ಅದರ ಮೇಲಿನ ವಿವರಗಳನ್ನು ಸರಿಯಾಗಿ ಬರೆಯಲಾರದೆ ಹೋದರು. ಬಣ್ಣ, ಗಾತ್ರಗಳಿಂದಲೇ ಕೆಲಸ ಸಾಗುವಾಗ ಉಳಿದದ್ದನ್ನು ಮಿದುಳು ಹಿಡಿಯಲು ಹೋಗುವುದಿಲ್ಲ. ಬೀಗದ ಕೈಗೆ ಒಂದೇ ಮೊಳೆಯನ್ನು ಗೊತ್ತು ಮಾಡಿ ಸದಾ ಅಲ್ಲೇ ನೇತುಹಾಕಿದರೆ ಈ ತೊಂದರೆ ತೀರುತ್ತದೆ.

ಹೆಸರಿನ ಮಾತು ಬೇರೆ. ಆ ಸಹೋದ್ಯೋಗಿ ಯಾವ ಪಾಠ ಮಾಡುತ್ತಿದ್ದರು, ಯಾವ ಊರಿನವರು, ಸಭೆಗಳಲ್ಲಿ ಹೇಗೆ ಮಾತಾಡುತ್ತಿದ್ದರು ಎಂಬುದೆಲ್ಲ ನಿಮಗೆ ಹೊಳೆದಿರಬೇಕು. ಅವೆಲ್ಲ ಒಂದಕ್ಕೊಂದು ಅರ್ಥದಿಂದ ಕೂಡಿಕೊಂಡಿವೆ. ಹೆಸರು ಮಾತ್ರ ವ್ಯಕ್ತಿಯ ಯಾವ ಗುಣಕ್ಕೂ ಸಂಬಂಧಿಸಿಲ್ಲದ ಒಂದು ಧ್ವನಿಯಾದ್ದರಿಂದ ಅದಕ್ಕಿರುವ ಆಸರೆ ತೀರ ತೆಳು. ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ 1966ರಲ್ಲಿ ನಡೆಸಿದ ಅಧ್ಯಯನದಲ್ಲಿ, ಪದವು ನಾಲಿಗೆಯ ತುದಿಯಲ್ಲಿ ನಿಂತಾಗ ಜನರು ಅದರ ಮೊದಲ ಅಕ್ಷರವನ್ನೂ ಅದು ಎಷ್ಟು ಉದ್ದದ್ದೆಂಬುದನ್ನೂ ಎಷ್ಟೋ ಸಲ ಸರಿಯಾಗಿ ಊಹಿಸುತ್ತಿದ್ದರು. ಹೆಸರು ಅಳಿಸಿಹೋಗಿಲ್ಲ, ಅದರ ಅರ್ಥದಿಂದ ಧ್ವನಿಗೆ ತಲುಪುವ ಸಂಪರ್ಕ ಆ ಕ್ಷಣಕ್ಕೆ ಸಾಲದಾಗಿದೆ ಎಂದು ಇದರಿಂದ ತಿಳಿಯುತ್ತದೆ. ವಯಸ್ಸಾದಂತೆ ಇದು ಎಲ್ಲರಲ್ಲೂ ಹೆಚ್ಚುತ್ತದೆ.

ಚಿಂತಿಸಬೇಕಾದ ಲಕ್ಷಣಗಳು ಬೇರೆಯೇ ಇವೆ: ನಿತ್ಯ ಓಡಾಡಿದ ಬೀದಿಯಲ್ಲಿ ದಾರಿ ತಪ್ಪುವುದು, ಒಂದೇ ಪ್ರಶ್ನೆಯನ್ನು ಒಂದೇ ಗಂಟೆಯಲ್ಲಿ ಹಲವು ಸಲ ಕೇಳುವುದು, ಪಿಂಚಣಿಯ ಲೆಕ್ಕವನ್ನೋ ಮಾಡಿ ರೂಢಿಯಿದ್ದ ಅಡುಗೆಯ ಕ್ರಮವನ್ನೋ ಕೈಬಿಡುವುದು, ಮತ್ತು ತನಗಿಂತ ಮನೆಯವರಿಗೇ ಮರೆವು ಹೆಚ್ಚು ಕಾಣಿಸುವುದು. ಹಾಗಿದ್ದರೂ ಎದೆಗುಂದಬೇಕಿಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ಗ್ರಂಥಿಯ ಮಂದಗತಿ, ಖಿನ್ನತೆ, ನಿದ್ರಾಹೀನತೆ, ಕಿವಿ ಮಂದವಾಗುವುದು, ಮದ್ಯಪಾನ, ಇವೆಲ್ಲ ನೆನಪನ್ನು ಕೆಡಿಸುತ್ತವೆ, ಮತ್ತು ಇವುಗಳಿಗೆ ಪರಿಹಾರವಿದೆ. ಬಿ12 ಸಸ್ಯಾಹಾರದಲ್ಲಿ ಹಾಲು, ಮೊಸರುಗಳನ್ನು ಬಿಟ್ಟರೆ ಸಿಗುವುದಿಲ್ಲ; ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಅದು ಕಡಿಮೆಯಾಗುವ ಸಂಭವ ಹೆಚ್ಚು. ನಮ್ಮ ಮಳೆಗಾಲದಲ್ಲಿ ನೆಗಡಿಗೆಂದು ಔಷಧದ ಅಂಗಡಿಯಿಂದ ತಂದು ನುಂಗುವ, ಮಂಪರು ಬರಿಸುವ ಮಾತ್ರೆಗಳೂ ನಿದ್ರೆಯ ಗುಳಿಗೆಗಳೂ ಹಿರಿಯರ ನೆನಪನ್ನು ಮಂಕಾಗಿಸುತ್ತವೆ. ನೀವು ಸೇವಿಸುವ ಔಷಧಗಳ ಪೂರ್ಣ ಪಟ್ಟಿಯನ್ನು ವೈದ್ಯರಿಗೆ ತೋರಿಸಿ.

ಪ್ರಶ್ನೆ: ದಿನವೂ ಒಂದೆಲಗದ ತಂಬುಳಿ ಉಂಡರೆ ಮಕ್ಕಳ ನೆನಪಿನ ಶಕ್ತಿ ಹೆಚ್ಚುತ್ತದೆಯೇ?
(ತೀರ್ಥಹಳ್ಳಿಯ ಓದುಗರು)

ಉತ್ತರ: ಒಂದೆಲಗದ ತಂಬುಳಿ ಒಳ್ಳೆಯ ಆಹಾರ, ಅಂಗಳದ ಅಂಚಿನಲ್ಲೇ ಸಿಗುವ ಸೊಪ್ಪು, ಧಾರಾಳವಾಗಿ ಉಣಿಸಿ. ಅದನ್ನು ಉಂಡ ಮಕ್ಕಳಿಗೆ ಪಾಠ ಹೆಚ್ಚು ನೆನಪಿರುತ್ತದೆ ಎನ್ನಲು ಮಾತ್ರ ನಂಬಬಹುದಾದ ಪುರಾವೆ ಇಲ್ಲ. ಬ್ರಾಹ್ಮಿ ಎಂಬ ಹೆಸರಿನಲ್ಲಿ ಮಾರುವ ಗುಳಿಗೆ, ಪುಡಿಗಳಿಗೆ ಹಣ ಸುರಿಯುವುದಕ್ಕಿಂತ ಮಗು ರಾತ್ರಿ ಹೊತ್ತಿಗೆ ಸರಿಯಾಗಿ ಮಲಗುವಂತೆ ನೋಡಿಕೊಳ್ಳುವುದು ಹೆಚ್ಚು ಫಲಕಾರಿ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಜೀವಶಾಸ್ತ್ರದ ಅಧ್ಯಾಯವನ್ನು ನಾಲ್ಕೈದು ಬಾರಿ ಓದುತ್ತೇನೆ, ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ತಲೆ ಖಾಲಿಯಾಗುತ್ತದೆ. ರಾತ್ರಿ ನಿದ್ದೆಗೆಟ್ಟು ಓದಿದರೂ ಅಷ್ಟೆ. ನನ್ನ ನೆನಪಿನ ಶಕ್ತಿಯೇ ಕಡಿಮೆಯೇ?
(ಸಾಗರ ತಾಲ್ಲೂಕಿನ ವಿದ್ಯಾರ್ಥಿನಿ)

ಉತ್ತರ: ನಿಮ್ಮ ನೆನಪಿನ ಶಕ್ತಿಯಲ್ಲಿ ಕೊರತೆ ಇಲ್ಲ, ಓದುವ ಕ್ರಮದಲ್ಲಿದೆ. ‘ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ’ ಎಂಬ ನಿಮ್ಮ ಮಾತಿನಲ್ಲೇ ಕಾರಣ ಅಡಗಿದೆ. ಕಣ್ಣೆದುರು ಇರುವ ಸಾಲನ್ನು ಗುರುತಿಸುವುದು ಒಂದು ಸಾಮರ್ಥ್ಯ, ಪುಸ್ತಕ ಮುಚ್ಚಿದಾಗ ಅದನ್ನು ತಾನಾಗಿ ತಂದುಕೊಳ್ಳುವುದು ಇನ್ನೊಂದು. ಪರೀಕ್ಷೆ ಕೇಳುವುದು ಎರಡನೆಯದನ್ನು, ನೀವು ಅಭ್ಯಾಸ ಮಾಡಿರುವುದು ಮೊದಲನೆಯದನ್ನು.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಕೊಟ್ಟು, ಕೆಲವರಿಂದ ಎರಡು ಸಲ ಓದಿಸಿದರು. ಇನ್ನು ಕೆಲವರಿಂದ ಒಂದು ಸಲ ಓದಿಸಿ, ನಂತರ ನೋಡದೆ ಬರೆಯಿಸಿದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ತುಸು ಮುಂದಿದ್ದರು. ಒಂದು ವಾರದ ಬಳಿಕ ಅವರಿಗೆ ಉಳಿದಿದ್ದದ್ದು ಶೇ. 42ರಷ್ಟು, ನೋಡದೆ ಬರೆದವರಿಗೆ ಶೇ. 56ರಷ್ಟು. ನೆನಪಿಸಿಕೊಳ್ಳುವ ಶ್ರಮವೇ ನೆನಪನ್ನು ಗಟ್ಟಿಗೊಳಿಸುತ್ತದೆ. ಆದ್ದರಿಂದ ಅಧ್ಯಾಯವನ್ನು ಒಮ್ಮೆ ಮನಸ್ಸಿಟ್ಟು ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಹೃದಯದ ಚಿತ್ರವನ್ನು ಬರೆದು ಕವಾಟಗಳನ್ನು ಹೆಸರಿಸಿ. ಆಮೇಲೆ ಪುಸ್ತಕ ತೆರೆದು ತಪ್ಪಿದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಿ. ಮೊದಲ ದಿನ ಅರ್ಧವೂ ಬರುವುದಿಲ್ಲ. ಬರದೆ ಇರುವುದೇ ಈ ಅಭ್ಯಾಸ ಕೆಲಸ ಮಾಡುತ್ತಿರುವುದರ ಗುರುತು, ನಿರಾಶರಾಗಬೇಡಿ.

ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಇಂದಿಗೂ ದಾರಿ ತೋರಿಸುತ್ತವೆ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಕೆಲವು ಹೊತ್ತಿನ ನಂತರ ಮತ್ತೆ ಕಲಿಯಲು ಎಷ್ಟು ಸಮಯ ಉಳಿತಾಯವಾಗುತ್ತದೆಂದು ಅವರು ತಮ್ಮ ಮೇಲೆಯೇ ಅಳೆದುಕೊಂಡರು. ಇಪ್ಪತ್ತು ನಿಮಿಷದ ನಂತರ ಉಳಿತಾಯ ಶೇ. 58, ಒಂದು ದಿನದ ನಂತರ ಸುಮಾರು ಶೇ. 34, ಒಂದು ತಿಂಗಳ ನಂತರ ಶೇ. 21. ಇದರಲ್ಲಿ ಎರಡು ಸಂಗತಿಗಳಿವೆ. ಮರೆವು ಮೊದಲ ದಿನದಲ್ಲೇ ಅತಿ ಹೆಚ್ಚು, ಆಮೇಲೆ ನಿಧಾನ. ಹಾಗಾಗಿ ಮೊದಲ ಪುನರಾವರ್ತನೆ ಮರುದಿನವೇ ಆಗಬೇಕು, ಅದರ ಮುಂದಿನವು ವಾರಕ್ಕೆ, ತಿಂಗಳಿಗೆ ಹೋದರೂ ಸಾಕು. ಇನ್ನೊಂದು, ಪೂರ್ತಿ ಮರೆತಂತೆ ತೋರಿದ್ದು ಕೂಡ ಪೂರ್ತಿ ಹೋಗಿರುವುದಿಲ್ಲ, ಮರಳಿ ಕಲಿಯಲು ಕಡಿಮೆ ಹೊತ್ತು ಸಾಕಾಗುತ್ತದೆ.

ನಿದ್ದೆಗೆಡುವುದನ್ನು ಈ ದಿನದಿಂದಲೇ ಬಿಟ್ಟುಬಿಡಿ. ಕಲಿತ ಮೇಲೆ ಮಲಗಿದವರು ಎಚ್ಚರವಾಗಿದ್ದವರಿಗಿಂತ ಕಡಿಮೆ ಮರೆಯುತ್ತಾರೆಂಬುದು 1924ರ ಪ್ರಯೋಗದಿಂದಲೇ ತಿಳಿದಿದೆ. ಹಗಲು ಕಲಿತದ್ದನ್ನು ನೆಲೆಗೊಳಿಸುವ ಕೆಲಸದ ದೊಡ್ಡ ಪಾಲು ಗಾಢನಿದ್ರೆಯಲ್ಲಿ ನಡೆಯುತ್ತದೆ. ಕೊಠಡಿಯಲ್ಲಿ ತಲೆ ಖಾಲಿಯಾದಾಗ ಆ ಪ್ರಶ್ನೆಯನ್ನು ಗುದ್ದಾಡದೆ ಬಿಟ್ಟು, ಬರುವ ಇನ್ನೊಂದನ್ನು ಬರೆಯಲು ತೊಡಗಿ. ಆತಂಕದಲ್ಲಿ ಏರುವ ಕಾರ್ಟಿಸಾಲ್ ನೆನಪನ್ನು ಹೊರತರುವುದಕ್ಕೆ ಅಡ್ಡಿಯಾಗುತ್ತದೆ. ಉದ್ವೇಗ ಇಳಿದ ಮೇಲೆ ಉತ್ತರ ತಾನಾಗಿ ಹೊಳೆಯುವುದುಂಟು.

ಪ್ರಶ್ನೆ: ತುಂಗೆಯ ದಂಡೆಯ ಹೊಸಹಳ್ಳಿಯಲ್ಲಿ ಗಮಕಿಗಳು ನೂರಾರು ಪದ್ಯಗಳನ್ನು ಪುಸ್ತಕ ನೋಡದೆ ಹಾಡುವುದನ್ನು ಕೇಳಿದ್ದೇನೆ. ಎದುರಿನ ಮತ್ತೂರಿನಲ್ಲಿ ವೇದವನ್ನು ಹಾಗೆಯೇ ಹೇಳುತ್ತಾರೆ. ಅವರ ಮಿದುಳು ನಮ್ಮದಕ್ಕಿಂತ ಬೇರೆಯೇ?
(ಭದ್ರಾವತಿಯ ಓದುಗರು)

ಉತ್ತರ: ಅಸಾಧಾರಣ ನೆನಪಿನವರ ಮಿದುಳನ್ನು ಬ್ರಿಟನ್ನಿನಲ್ಲಿ ಎಲಿನಾರ್ ಮಗ್ವಾಯರ್ ಮತ್ತು ಸಂಗಡಿಗರು ಸ್ಕ್ಯಾನ್ ಮಾಡಿ 2003ರಲ್ಲಿ ವರದಿ ಮಾಡಿದರು. ನೆನಪಿನ ಸ್ಪರ್ಧೆಗಳಲ್ಲಿ ಗೆದ್ದ ಆ ಜನರ ಮಿದುಳಿನ ರಚನೆಯಲ್ಲಾಗಲಿ ಬುದ್ಧಿಮಟ್ಟದಲ್ಲಾಗಲಿ ಇತರರಿಗಿಂತ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸವಿದ್ದದ್ದು ಕ್ರಮದಲ್ಲಿ: ಬಹುಪಾಲು ಜನ ನೆನಪಿಡಬೇಕಾದದ್ದನ್ನು ಪರಿಚಿತ ದಾರಿಯೊಂದರ ಗುರುತುಗಳ ಮೇಲೆ ಮನಸ್ಸಿನಲ್ಲೇ ಇಡುತ್ತಾ ಹೋಗುತ್ತಿದ್ದರು.

ಗಮಕಿಗಳಿಗೆ ಅಂಥ ಗುರುತುಗಳನ್ನು ಛಂದಸ್ಸೇ ಒದಗಿಸುತ್ತದೆ. ಭಾಮಿನಿ ಷಟ್ಪದಿಯನ್ನೇ ನೋಡಿ. ಮೂರು, ನಾಲ್ಕು, ಮೂರು, ನಾಲ್ಕು ಎಂದು ಮಾತ್ರೆಗಳು ಸರದಿಯಲ್ಲಿ ಬರುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಲ್ಲಿ 23. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಹಾಡುವಾಗ ಒಂದು ಪದ ಕೈತಪ್ಪಿತೆನ್ನಿ. ಅದು ಮೂರು ಮಾತ್ರೆಯದೋ ನಾಲ್ಕು ಮಾತ್ರೆಯದೋ ಎಂದು ಲಯ ಹೇಳುತ್ತದೆ, ಸಾಲಿನ ಮೊದಲಾದರೆ ಎರಡನೆಯ ಅಕ್ಷರ ಯಾವುದೆಂದು ಪ್ರಾಸ ಹೇಳುತ್ತದೆ, ಕಥೆ ಅರ್ಥವನ್ನು ಹೇಳುತ್ತದೆ, ರಾಗ ಭಾವವನ್ನು ಹೇಳುತ್ತದೆ. ಇಷ್ಟೂ ನಿಬಂಧನೆಗಳಿಗೆ ಹೊಂದುವ ಪದ ಹೆಚ್ಚಾಗಿ ಒಂದೇ ಇರುತ್ತದೆ. ವೇದಪಾಠದಲ್ಲಿ ಈ ಕಾವಲು ಇನ್ನೂ ಬಿಗಿ. ಜಟಾಪಾಠದಲ್ಲಿ ಅಕ್ಕಪಕ್ಕದ ಎರಡು ಪದಗಳನ್ನು ನೇರವಾಗಿ, ತಿರುಗಿಸಿ, ಮತ್ತೆ ನೇರವಾಗಿ ಹೇಳುವುದರಿಂದ ಒಂದು ಪದ ಜಾರಿದರೂ ಅದು ಕೂಡಲೇ ಪತ್ತೆಯಾಗುತ್ತದೆ.

ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಾಗ ಆ ಕಲೆಗೆ ಗೌರವ ಸಿಕ್ಕಿತೆಂದು ಎಲ್ಲರೂ ಸಂತೋಷಪಟ್ಟೆವು. ಆದರೆ ಶಾಲೆಗಳಲ್ಲಿ ಪದ್ಯವನ್ನು ರಾಗವಾಗಿ ಹೇಳಿಸುವುದು ಕಡಿಮೆಯಾಗುತ್ತಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಬಾಯಿಪಾಠವೆಂದರೆ ಬುದ್ಧಿಯಿಲ್ಲದ ಕೆಲಸವೆಂದು ತಿಳಿದವರು ಪದ್ಯವನ್ನು ಗದ್ಯದಂತೆ ಓದಿಸಿ, ಮಕ್ಕಳ ಕೈಯಿಂದ ಲಯದ ಆಸರೆಯನ್ನು ಕಿತ್ತುಕೊಂಡಿದ್ದಾರೆ.

ಪ್ರಶ್ನೆ: ನಮ್ಮ ತಂದೆ ತೀರಿಕೊಳ್ಳುವ ಮೊದಲು ಹಳ್ಳದ ಪಕ್ಕದ ತೋಟ ನನಗೆ ಎಂದು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅವರು ಜಗಲಿಯ ಮೇಲೆ ಮಲಗಿದ್ದರು, ಹೊರಗೆ ಮಳೆ ಸುರಿಯುತ್ತಿತ್ತು. ನನ್ನ ಅಣ್ಣ, ಆ ದಿನ ನೀನು ಮನೆಯಲ್ಲೇ ಇರಲಿಲ್ಲ, ಅಪ್ಪಯ್ಯ ಹಾಗೆ ಹೇಳಲೂ ಇಲ್ಲ ಎನ್ನುತ್ತಾನೆ. ನಮ್ಮಲ್ಲಿ ಒಬ್ಬರು ಸುಳ್ಳು ಹೇಳುತ್ತಿರಲೇಬೇಕಲ್ಲವೇ?
(ಸಾಗರದ ಓದುಗರು)

ಉತ್ತರ: ಇರಲೇಬೇಕೆಂದಿಲ್ಲ. ಇಬ್ಬರೂ ಪ್ರಾಮಾಣಿಕರಾಗಿದ್ದು ಇಬ್ಬರ ನೆನಪೂ ತಪ್ಪಾಗಿರಬಹುದು.

ನಮ್ಮ ಕಡೆ ಮಳೆಗಾಲದಲ್ಲಿ ನಡೆಯುವ ತಾಳಮದ್ದಲೆಯನ್ನು ನೀವು ಕೇಳಿರುತ್ತೀರಿ. ಭಾಗವತರು ಹಾಡುವ ಪದ್ಯ ಮೊದಲೇ ಗೊತ್ತಾಗಿರುವಂಥದು. ಅರ್ಥಧಾರಿಗಳ ಮಾತು ಮಾತ್ರ ಆ ರಾತ್ರಿ, ಎದುರಾಳಿಯನ್ನೂ ಸಭೆಯನ್ನೂ ನೋಡಿಕೊಂಡು ಹೊಸದಾಗಿ ಹುಟ್ಟುತ್ತದೆ. ನೆನಪೂ ಹೀಗೆಯೇ. ಘಟನೆಯ ಕೆಲವು ಗಟ್ಟಿ ಅಂಶಗಳಷ್ಟೇ ಉಳಿದಿರುತ್ತವೆ. ಉಳಿದದ್ದನ್ನು ಪ್ರತಿ ಸಲ ನೆನೆಯುವಾಗಲೂ ನಮ್ಮ ತಿಳಿವಳಿಕೆ, ನಿರೀಕ್ಷೆ, ಬೇರೆಯವರಿಂದ ಕೇಳಿದ ಮಾತುಗಳಿಂದ ಮಿದುಳು ತುಂಬಿಕೊಳ್ಳುತ್ತದೆ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರಷ್ಟು ಹಿಂದೆಯೇ ಇದನ್ನು ತೋರಿಸಿದ್ದರು. ಅಪರಿಚಿತ ಜನಪದ ಕಥೆಯೊಂದನ್ನು ಓದಿದವರು ದಿನ ಕಳೆದಂತೆ ಅದನ್ನು ಮತ್ತೆ ಹೇಳುವಾಗ ಅದು ಚಿಕ್ಕದಾಗುತ್ತಾ, ಅವರದೇ ಸಮಾಜದ ರೀತಿಗೆ ಒಗ್ಗುತ್ತಾ ಹೋಯಿತು. ಬದಲಾಯಿಸಿದ್ದೇವೆಂಬ ಅರಿವು ಅವರಿಗಿರಲಿಲ್ಲ.

ಕೇಳುವ ಪ್ರಶ್ನೆಯೂ ನೆನಪನ್ನು ತಿದ್ದುತ್ತದೆ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಕಾರುಗಳ ಅಪಘಾತದ ಚಿತ್ರವನ್ನು ತೋರಿಸಿ, ಕೆಲವರಿಗೆ ಕಾರುಗಳು ‘ಬಡಿದಾಗ’ ವೇಗ ಎಷ್ಟಿತ್ತು ಎಂದೂ, ಕೆಲವರಿಗೆ ‘ಅಪ್ಪಳಿಸಿ ನುಚ್ಚುನೂರಾದಾಗ’ ಎಷ್ಟಿತ್ತು ಎಂದೂ ಕೇಳಿದರು. ವಾರದ ನಂತರ ಒಡೆದ ಗಾಜು ಕಂಡಿತೇ ಎಂದು ಕೇಳಿದಾಗ ಮೊದಲ ಗುಂಪಿನ 50 ಜನರಲ್ಲಿ 7 ಮಂದಿ, ಎರಡನೆಯ ಗುಂಪಿನ 50 ಜನರಲ್ಲಿ 16 ಮಂದಿ ಕಂಡಿತೆಂದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ.

ಜಗಲಿ, ಮಳೆಯ ಸದ್ದು ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆಯಲ್ಲ ಎಂದು ನೀವು ಕೇಳಬಹುದು. ಸ್ಪಷ್ಟತೆ ಸತ್ಯಕ್ಕೆ ಪ್ರಮಾಣವಾಗುವುದಿಲ್ಲ. 1986ರಲ್ಲಿ ಚಾಲೆಂಜರ್ ಗಗನನೌಕೆ ಸ್ಫೋಟಿಸಿದ ಮರುದಿನ, ಸುದ್ದಿ ತಿಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ ಬರೆಯಿಸಿಟ್ಟರು. ಎರಡೂವರೆ ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದಾಗ ಕಾಲುಭಾಗದಷ್ಟು ಜನ ಪ್ರಧಾನ ವಿವರಗಳಲ್ಲೆಲ್ಲ ತಪ್ಪಿದ್ದರು, ಮತ್ತು ಅವರಲ್ಲಿ ಹಲವರು ಪೂರ್ಣ ವಿಶ್ವಾಸದಿಂದ ಹೇಳಿದ್ದರು. ತಮ್ಮದೇ ಕೈಬರಹವನ್ನು ತೋರಿಸಿದಾಗಲೂ ಹೊಸ ನೆನಪನ್ನೇ ಅವರು ಬಿಡಲೊಪ್ಪಲಿಲ್ಲ. ನಿಮ್ಮ ತಂದೆಯವರು ಕಾಯಿಲೆಯಲ್ಲಿದ್ದ ಆ ದಿನಗಳಲ್ಲಿ ಜಗಲಿಯ ಬಳಿ ನೀವು ಹಲವು ಸಲ ಕುಳಿತಿದ್ದಿರಬೇಕು, ಮಳೆ ಹಲವು ದಿನ ಸುರಿದಿರಬೇಕು. ಒಂದು ದಿನದ ಮಾತು ಇನ್ನೊಂದು ದಿನದ ಮಳೆಗೆ ಸೇರಿಕೊಳ್ಳುವುದು ತೀರ ಸುಲಭ, ನಿಮ್ಮಲ್ಲಿಯೂ, ನಿಮ್ಮ ಅಣ್ಣನಲ್ಲಿಯೂ.

ಇನ್ನು ಮುಂದೆ ಈ ವಿಷಯವನ್ನು ಒಬ್ಬರ ಮುಂದೆ ಒಬ್ಬರು ಎತ್ತಬೇಡಿ. ಪ್ರತಿ ಜಗಳವೂ ಇಬ್ಬರ ನೆನಪನ್ನೂ ಇನ್ನಷ್ಟು ಬದಲಿಸುತ್ತದೆ. ಇಬ್ಬರೂ ಬೇರೆ ಬೇರೆ ಕುಳಿತು, ತಮಗೆ ಖಚಿತವಾಗಿ ಗೊತ್ತಿರುವುದನ್ನೂ ಹಾಗಿರಬೇಕೆಂದು ಅನ್ನಿಸುವುದನ್ನೂ ಬೇರ್ಪಡಿಸಿ ಬರೆಯಿರಿ. ಆ ದಿನಗಳಲ್ಲಿ ಮನೆಯಲ್ಲಿದ್ದ ತಾಯಿಯವರನ್ನೋ ಅಕ್ಕತಂಗಿಯರನ್ನೋ, ನೀವು ಬರೆದದ್ದನ್ನು ಅವರಿಗೆ ತೋರಿಸದೆ, ‘ಆಗ ಏನಾಯಿತು ಹೇಳಿ’ ಎಂದಷ್ಟೇ ಕೇಳಿ. ‘ಅಪ್ಪಯ್ಯ ತೋಟದ ಮಾತು ಹೇಳಿದ್ದರಲ್ಲವೇ’ ಎಂದು ಕೇಳಿದರೆ ಉತ್ತರವನ್ನು ನೀವೇ ಅವರ ಬಾಯಿಗಿಟ್ಟಂತಾಗುತ್ತದೆ. ಆಸ್ಪತ್ರೆಯ ಚೀಟಿ, ಬಸ್ಸಿನ ಟಿಕೆಟ್ಟು, ಮಂಡಿಯ ಪಟ್ಟಿ, ಏನಾದರೂ ಉಳಿದಿದ್ದರೆ ಆ ದಿನ ಯಾರು ಎಲ್ಲಿದ್ದರೆಂದು ಅವುಗಳಿಂದ ತಿಳಿಯಬಹುದು. ತೋಟದ ಹಕ್ಕಿನ ತೀರ್ಮಾನವನ್ನು ಮಾತ್ರ ಇಬ್ಬರ ನೆನಪಿನ ಮೇಲೂ ಬಿಡದೆ, ಪಹಣಿ ಮತ್ತು ನೋಂದಾಯಿತ ಪತ್ರಗಳನ್ನು ಇಟ್ಟುಕೊಂಡು, ಇಬ್ಬರೂ ಒಟ್ಟಿಗೆ ಒಬ್ಬರೇ ವಕೀಲರ ಬಳಿಗೆ ಹೋಗಿ.